ಮಡಿಲ ಮೇಲಿನ ಪೆಟ್ಟಿಗೆ

ಪರ್ತಿನಿಂದ ಅಡಿಲೇಡಿಗೆ
ಎರಡು ಸಾವಿರದ ನೂರಿಪ್ಪತ್ತು ಕಿಲೋಮೀಟರು.
ಗಾಳಿ ಬೆನ್ನಿಗಿದ್ದರೆ ಎರಡೂ ಮುಕ್ಕಾಲು ಗಂಟೆ,
ಎದೆಗಿದ್ದರೆ ಮೂರೂ ಕಾಲು.
ಗಣಿಗೆ ಇಳಿದದ್ದಕ್ಕಿಂತ ಹತ್ತಿದ್ದೇ ಉದ್ದ
ಅನ್ನುತ್ತಿದ್ದರು ಅಪ್ಪ, ಮಾರಿಕುಪ್ಪಂನಲ್ಲಿ.

ನೀಲಿ ಪೆಟ್ಟಿಗೆ ಮಡಿಲಲ್ಲಿ. ಮೇಲಿಡುವಂತಿಲ್ಲ,
ತಪಾಸಣೆಯ ಯಂತ್ರದೊಳಗೆ ಹಾಯಿಸುವಂತಿಲ್ಲ.
ಒಳಗೆ ಯಾರದೋ ಮಜ್ಜೆ, ಒಂದು ಚೀಲದಷ್ಟು,
ಟೊಮೇಟೊ ಸಾರಿನ ಬಣ್ಣ.
ಕೊಟ್ಟವರ ಹೆಸರು ಗೊತ್ತಿಲ್ಲ. ಪಡೆಯುವವರದೂ.

ಚೀಟಿಯ ಮೇಲೆ ನರ್ಸ್ ಮೋರಾಗ್ ಬರೆದದ್ದು:
ಹನ್ನೊಂದು ನಲವತ್ತು.
ಯಾವ ಊರಿನ ಹನ್ನೊಂದು ನಲವತ್ತು? ಅಂದೆ.
ನಕ್ಕು, ಮತ್ತೆ ಪೆನ್ನು ತೆಗೆದು,
ಪಕ್ಕದಲ್ಲಿ ಪರ್ತ್ ಅಂತ ಸೇರಿಸಿದಳು.

ಕಿಟಕಿಯ ಹುಡುಗ ಕೇಳಿದ, ಒಳಗೇನು, ಐಸ್‌ಕ್ರೀಮಾ?
ಕಾದರೆ ಕೆಡುತ್ತೆ, ಅಂದೆ.
ಸುಳ್ಳಲ್ಲ.

ಕೆಳಗೆ ಮರವಿಲ್ಲದ ಬಯಲು,
ಅದು ಮುಗಿದಲ್ಲಿ ಬ್ರೆಡ್ಡು ಮುರಿದಂತೆ ದಂಡೆ, ಆಮೇಲೆ ಬರೀ ಕಡಲು.
ಗಡಿಯಾರ ಒಂದೂವರೆ ಗಂಟೆ ಮುಂದಿಡಿ ಅನ್ನುತ್ತದೆ ದನಿ.
ಎಲ್ಲರೂ ಮುಂಗೈ ಎತ್ತಿ ತಿರುಪುತ್ತಾರೆ,
ಚಿಲ್ಲರೆ ಉದುರಿಸಿದಷ್ಟು ಸಲೀಸು.

ನಾನು ತಿರುಪಲಿಲ್ಲ.
ಪೆಟ್ಟಿಗೆಗೆ ಇನ್ನೂ ಪರ್ತಿನ ಹೊತ್ತು.
ಚೀಲದೊಳಗಿನದಕ್ಕೆ ಯಾವ ಊರಿನದೂ ಅಲ್ಲ,
ಕೊಟ್ಟು ಎಷ್ಟಾಯಿತು, ಅಷ್ಟೇ.

ಆಸ್ಪತ್ರೆಯ ಲಿಫ್ಟಿನ ಬಾಗಿಲಲ್ಲಿ
ಸಹಿ ಹಾಕಿಸಿಕೊಂಡು ಕೊಟ್ಟೆ.
ಗ್ಲೌಸು ತೊಟ್ಟ ಎರಡು ಕೈ, ಮುಚ್ಚಿದ ಬಾಗಿಲು.
ಪ್ಯಾಂಟಿನ ಮೇಲೆ ಚೌಕನೆಯ ತಣ್ಣನೆ ತೇವ ಉಳಿದಿತ್ತು.
ಕ್ಯಾಂಟೀನಿನಲ್ಲಿ ಚಹಾ ಕುಡಿಯುವ ತನಕ
ಅದರ ಮೇಲೇ ಕೈ ಇಟ್ಟುಕೊಂಡು ಕೂತಿದ್ದೆ.

ನಾಳೆ ವಾಪಸ್ಸು. ಎದುರುಗಾಳಿಯಂತೆ,
ಅರ್ಧ ಗಂಟೆ ಹೆಚ್ಚು.
ಆಗಲಿ.
ಮಡಿಲಲ್ಲಿ ಏನೂ ಇರುವುದಿಲ್ಲ.