ಕುಣಿ ತುಂಬಿದ ಜಾಗಾ

ಐತವಾರ ಮುಂಜಾನಿ ಮೌನೇಶ ಬಡಿಗೇರ
ಹೆಗಲಮ್ಯಾಲ ಹೊತ್ತು ತಂದ, ಕೂಸಿನಂಗ.
ಕೆಳಗ ಹಲ್ಲಿನ ಗಾಲಿ, ಮ್ಯಾಲ ಉದ್ದಾನ ಹಿಡಿಕಿ,
ವಾಯರಿಲ್ಲ, ಎಣ್ಣಿ ಇಲ್ಲ,
ಬೆನ್ನಿಗೆ ಅರ್ಧ ಇಟ್ಟಂಗಿಯಷ್ಟ ಬ್ಯಾಟರಿ.
"ಇದ ಬ್ಯಾಟರಿ ನನ್ನ ಡ್ರಿಲ್ಲಿಗೂ ಬೇಕ ಚಿಗವ್ವ,
ಸಂಜಿಗೆ ಕೊಡ್ರಿ. ನಾಳೆ ಕದಾ ಕೂಡಸೋದೈತಿ."

ಹಿತ್ತಲ ಅಂದ್ರ ಹಿತ್ತಲಲ್ಲ ಇದು.
ಗುಳೇದಗುಡ್ಡದ ಓಣ್ಯಾಗ ಹಿತ್ತಲ ಯಾರಿಗೈತಿ?
ಮಗ್ಗದ ಕ್ವಾಣಿ ಇತ್ತು. ತೊಲಿ ಮುರದು
ಒಂದ ಮಳಿಗಾಲ ಮಾಳಿಗಿ ಕುಂತಬಿಟ್ಟಿತು.
ಮಗ್ಗ ಬಿಚ್ಚಿ ಅಟ್ಟಕ್ಕ ಏರಿಸಿದಿವಿ.
ಕುಣಿಗೆ ಮಾಳಿಗಿ ಮಣ್ಣ ತುಂಬಿದಿವಿ,
ನಾನೂ ನೆಗೆಣ್ಣಿ ಶಕ್ರವ್ವನೂ, ಬುಟ್ಟಿ ಎಣಿಸಿ:
ನೂರಾ ಹದಿನಾರು.
ಅಕಿ ಅಂತಾಳ, ನೂರಾ ಹತ್ತು.

ಮೂರು ವರ್ಷ ತುಳದು ತುಳದು
ಕಟಕ ರೊಟ್ಟಿ ಆಗಿತ್ತು ಆ ಮಣ್ಣು.
ಗುದ್ದಲಿ ಹಾಕಿದರ ಗುದ್ದಲೀನ ಜಿಗೀತಿತ್ತು,
ನನ್ನ ಮುಂಗೈ ಮೊದಲ ಸೋತದ್ದು,
ನಲವತ್ತು ವರ್ಷ ಲಾಳಿ ಹಗ್ಗ ಜಗ್ಗಿದ್ದು.
ರಾತ್ರಿ ನಾಕ ಕೊಡ ನೀರ ಸುರುವಿ ಬಿಟ್ಟಿದ್ದೆ
ಕಡ್ಲಿ ನೆನಿ ಹಾಕಿದಂಗ.

ಗುಂಡಿ ಒತ್ತಿದೆ.
ಒದರಲಿಲ್ಲ ಅದು. ಡಬ್ಯಾಗ ಸಿಕ್ಕ ತುಂಬಿಯಂಗ
ಗುಂಯ್ ಅಂತು ಅಷ್ಟ.
ಶಕ್ರವ್ವ ಕಿವಿಗೆ ಕೈ ಹಚ್ಚಿ, "ಚಾಲೂ ಆತೇನ?"
ಬಾಜೂ ಮನಿ ಪಾವರ್‌ಲೂಮು ಅಕಿ ಕಿವಿ ತಿಂದು
ಎಷ್ಟೋ ವರ್ಷಾತು.
ಅಕಿ ಅಂಗೈ ತಂದು ಹಿಡಿಕಿಮ್ಯಾಲ ಇಟ್ಟೆ.
"ಹೂಂ," ಅಂದ್ಲು, "ಜೀವ ಐತಿ."
ಹಂಗಂದಾಕಿ ಮತ್ತ ಬಿಡಲೇ ಇಲ್ಲ.

ಒಂದ ಮಾರು ಹೋತು. ಮಣ್ಣ
ಕುದ್ದ ಸಜ್ಜಕದಂಗ ಉಕ್ಕಿತು.
ಎರಡನೇ ಮಾರಿಗೆ ತಟಕ್ಕನ ನಿಂತಿತು.
ಬ್ಯಾಟರಿ ತಗದು ದೂರ ಇಟ್ಟೆ
(ಮೌನೇಶ ಮೂರ ಸಲ ಹೇಳಿದ್ದ)
ಬೋರಲ ಹಾಕಿ ನೋಡಿದರ
ಹಲ್ಲಿನ ತುಂಬ ನೂಲು.

ಚಮಕದ ನೂಲು!
ಕುಂಕುಮ, ಗಿಳಿಹಸರು, ಬದನಿಕಾಯಿ ಬಣ್ಣ.
ಮೂರು ವರ್ಷ ಮಣ್ಣಾಗ ಮಲಗಿ
ಒಂದೆಳಿ ಕೊಳತಿಲ್ಲ.
ಹತ್ತಿ ಆಗಿದ್ರ ಹುಳಕ್ಕ ಊಟಾಗಿರತಿತ್ತು.
ಹರದ ಎಳಿಗೆ ಗಂಟ ಹಾಕಿ, ಉಳದ ತುದಿ
ಕುಣ್ಯಾಗ ಒಗದು ನೇಯ್ದವರು ನಾವ.
ಸೂಜಿಮಲ್ಲಿಗಿ ಖಣ ಪ್ಯಾಟಿಗೆ ಹೋತು,
ಈ ತುದಿಗಳು ಇಲ್ಲೇ ಉಳದ್ವು.

"ನೋಡ, ಎಷ್ಟ ಬಿಗಿ ಸುತ್ತೇತಿ," ಅಂದ್ಲು ಶಕ್ರವ್ವ,
"ನೀ ಸುತ್ತಿದ ಕಂಡಿಕಿ ಹಿಂಗ ಒಂದರ ಇತ್ತೇನ?"
ಬಂತು ನೋಡ್ರಿ ಹಳೇ ಜಗಳ, ಹೆಂಟಿ ಜೋಡಿ ಮ್ಯಾಲ:
ನನ್ನ ಕಂಡಿಕಿ ಸಡ್ಲ, ಅದಕ್ಕ ನೂಲ ಜಾರತಿತ್ತು,
ಅದಕ್ಕ ಅಕಿ ಖಣದ ಅಂಚ ಸೊಟ್ಟ.

ಕತ್ತರಿ ತಂದೆ. ಹಚ್ಚಾಕ ಮನಸ ಬರಲಿಲ್ಲ.
ಕುಂತು ಬಿಡಿಸಿದಿವಿ, ಎಳಿ ಎಳಿ,
ಹೆಬ್ಬೆರಳಿಗೆ ಸುತಗೋತ.
ಒಂದ ಗಂಟು ಸಿಕ್ತು, ನಂದಲ್ಲ.
ಅಕೀದೂ ಅಲ್ಲ.
ಎರಡ ಸುತ್ತ ಹಾಕಿ ಹಿಂದಕ್ಕ ಎಳದದ್ದು.
"ಜೈತುನಬಿ," ಅಂದ್ಲು ಶಕ್ರವ್ವ.
ಒಂದ ವರ್ಷ ನಮ್ಮಲ್ಲಿ ಕೂಲಿ ನೇಯ್ದ ಹುಡುಗಿ,
ಲಗ್ನಾಗಿ ಇಚಲಕರಂಜಿಗೆ ಹೋದಾಕಿ.
ಆ ಗಂಟ ಮಾತ್ರ ಬಿಡಿಸಲಿಲ್ಲ.
ಅಕಿ ಅದನ್ನ ಸೆರಗಿನ ತುದಿಗೆ ಕಟಗೊಂಡ್ಲು.

ಆಮ್ಯಾಲ ಸುಮ್ಮನ ಮಡಿ ಹರಗಿದಿವಿ.
ನಾ ಒಂದ ಸಾಲು, ಅಕಿ ಎರಡು.
ಮೂರು ದೀಪ ಇದ್ದದ್ದು ಎರಡಾತು, ಒಂದಾತು,
ನಾ ಕಾಲ ಇಳಿಬಿಟ್ಟು ಕೂಡತಿದ್ದ ಮೂಲಿಗೆ ಬಂದು
ಕಣ್ಣ ಪಿಳುಕಿಸಿ ಆರಿತು.
ಮೊಳದಷ್ಟ ಜಾಗಾ. ಕುರಪಿ ತಗೊಂಡೆ.
"ಬಿಡ, ಅಲ್ಲಿ ಪುದೀನಾ ಹಚ್ಚೂನು,
ಅದಕ್ಕ ಹೆಂಗಿದ್ರೂ ನಡೀತೈತಿ," ಅಂದ್ಲು.

ಸಂಜಿಗೆ ಯಂತ್ರ ಒರಿಸಿ ಕೊಟ್ಟೆ.
ಹಲ್ಲಿನ ಸಂದ್ಯಾಗ ಒಂದ ಹಸರ ಎಳಿ ಉಳದಿತ್ತು,
ಮೌನೇಶಗ ಹೇಳಲಿಲ್ಲ.

ಗೊಬ್ಬರ ಕಲಿಸಿ, ಮೆಂತೆ ಒಂದ ಕಡೆ,
ರಾಜಗಿರಿ ಒಂದ ಕಡೆ ಚೆಲ್ಲಿ,
ಹೊಸ್ತಿಲದಾಗ ಕುಂತಾಗ ಕಂಡಿತು:
ಹರಗಿದ ಮಣ್ಣ ಉಬ್ಬಿ
ನೆಲಕ್ಕಿಂತ ಗೇಣು ಮ್ಯಾಲ ನಿಂತಿತ್ತು.

ಶಕ್ರವ್ವ ಭಾಳ ಹೊತ್ತ ನೋಡಿದ್ಲು.
"ನೂರಾ ಹದಿನಾರ ಇರಬೇಕ ಬಿಡ," ಅಂದ್ಲು.
ನಾ ಬೀಜದ ಕೈ ಝಾಡಿಸಿಕೊಂಡೆ.