ನಡಾವಳಿಗೆ ಸೇರದ್ದು

ಪುರಸಭೆಯ ನಡಾವಳಿ ಬರೆಯುವವಳು ನಾನು.
ಯಾರು ಸೂಚಿಸಿದರು, ಯಾರು ಅನುಮೋದಿಸಿದರು,
ಎಷ್ಟು ಕೈ ಎದ್ದವು, ಎಷ್ಟು ಏಳಲಿಲ್ಲ,
ಅಷ್ಟಕ್ಕೇ ನನ್ನ ಸಂಬಳ.
ಕೆಮ್ಮು ಬರೆಯುವಂತಿಲ್ಲ.

ಮಂಗಳವಾರ ಸಂಜೆ, ಹೊರಗೆ ಸೊನ್ನೆಗಿಂತ ಹನ್ನೆರಡು ಕೆಳಗೆ.
ಕಬ್ಬಿಣದ ಗಣಿ ಮುಚ್ಚಿ ಇಪ್ಪತ್ತು ವರ್ಷವಾದ
ಮಿನೆಸೋಟಾದ ಈ ಆರ್ವಿಕ್ ಊರಲ್ಲಿ
ಸಭೆಗೆ ಇಷ್ಟು ಜನ ಬಂದದ್ದು
ನೀರಿನ ದರ ಏರಿಸಿದ ದಿನ ಬಿಟ್ಟರೆ ಇದೇ ಮೊದಲು.
ವಿಷಯ ಸಂಖ್ಯೆ ಏಳು:
ಉದ್ಯಾನ, ಬಸ್ ತಂಗುದಾಣ, ಐಸ್ ಹಾಕಿ ಅಂಗಳ, ಪುರಸಭೆಯ ಬಾಗಿಲು,
ಇವುಗಳ ಇಪ್ಪತ್ತೈದು ಅಡಿಯೊಳಗೆ
ಯಾರೂ ಹೊಗೆ ಬಿಡತಕ್ಕದ್ದಲ್ಲ.

ಶಾಲೆಯ ನರ್ಸ್ ಕೊರಿನ್ ವುಕೆಲಿಚ್ ಎದ್ದಳು.
ಭಾಷಣ ತಂದಿರಲಿಲ್ಲ. ಉಪ್ಪಿನಕಾಯಿ ಜಾಡಿ ತಂದಿದ್ದಳು.
ಐದನೇ ತರಗತಿಯ ಮಕ್ಕಳು ಕೈಗವಸು ತೊಟ್ಟು
ಹಾಕಿ ಅಂಗಳದ ಬೇಲಿಯುದ್ದಕ್ಕೂ ಆಯ್ದದ್ದು:
ಒಂದು ಸಾವಿರದ ನೂರ ನಲವತ್ತಾರು ಮೋಟು.
‘ನಲವತ್ತೇಳು,’ ಅಂದ ಹಿಂದಿನ ಸಾಲಿನ ಹುಡುಗ,
‘ಒಂದು ನನ್ನ ಜೇಬಲ್ಲೇ ಉಳೀತು.’
ಅವನಮ್ಮ ಅವನ ಜೇಬು ನೋಡಿದಳು,
ಆಮೇಲೆ ತನ್ನ ಕೈಚೀಲ.
ಕೊರಿನ್ ಮುಚ್ಚಳ ತೆಗೆದಳು.
ಸಭೆ ಅಲ್ಲಿಗೇ ಮುಗಿಯಬೇಕಿತ್ತು, ನನ್ನ ಪ್ರಕಾರ.

ಬಾರ್ ಇಟ್ಟವ ಸ್ವಾತಂತ್ರ್ಯದ ಬಗ್ಗೆ ಮಾತಾಡಿದ, ಮೂರು ನಿಮಿಷ.
ಇವತ್ತು ಸಿಗರೇಟು, ನಾಳೆ ಬೆಣ್ಣೆ ಅಂದಳು ಇನ್ನೊಬ್ಬಳು.
ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ನಮ್ಮ ಕಡೆಯ ಮಾತು;
ಆ ಕೋಣೆಯಲ್ಲಿ ಹೊಗೆಯಿರಲಿಲ್ಲ,
ಬೆಂಕಿಯಿತ್ತು.

ಆಮೇಲೆ ಆರ್ವೋ ನಿಯೆಮೆಲಾ.
ಗಣಿಯಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಹಿಡಿದವ.
ಈಗ ಮೂಗಿಗೆ ಸಣ್ಣ ನಳಿಕೆ, ಚಕ್ರದ ಮೇಲೆ ಆಮ್ಲಜನಕದ ಸಿಲಿಂಡರ್,
ಸಾಕಿದ ನಾಯಿಯ ಹಾಗೆ ಹಿಂದೆಹಿಂದೆಯೇ.
ಪರವೋ ವಿರೋಧವೋ, ಚೀಟಿಯಲ್ಲಿ ಗುರುತು ಹಾಕಿರಲಿಲ್ಲ.
‘ತಂಗುದಾಣದ ಹತ್ತಿರದ ಬೂದಿಕಂಬ,’ ಅಂದ. ಉಸಿರು ತಗೊಂಡ.
‘ನಾನು ಬೆಸುಗೆ ಹಾಕಿದ್ದು. ಡ್ರಿಲ್ಲಿನ ಕೊಳವೆ ಅದು.
ಗುಜರಿಗೆ ಹಾಕಬೇಡಿ.’ ಇನ್ನೊಂದು ಉಸಿರು.
‘ಇಪ್ಪತ್ತೈದು ಅಡಿ ಆಚೆ ಒಯ್ದು ನೆಡಿ.
ನಾನೀಗ ಸೇದಲ್ಲ. ಸೇದೋರ ಹತ್ತಿರ ನಿಲ್ಲೋಕೂ ಆಗಲ್ಲ.
ಆದರೆ ಅವರೆಲ್ಲ ನನ್ನ ಪಾಳಿಯೋರು.’
ಒಂದು ನಿಮಿಷ ನಲವತ್ತು ಸೆಕೆಂಡು ಬಾಕಿಯಿತ್ತು.
ಕೂತುಬಿಟ್ಟ.

ನಾಲ್ಕಕ್ಕೆ ಮೂರು. ಅಂಗೀಕಾರ.
ನಾಲ್ಕನೆಯ ಕೈ ಮರ್ಲ್ ಸ್ಟಕೀದು; ಎತ್ತಿದಾಗ
ಅಂಗಿಯ ಜೇಬಿಂದ ಪ್ಯಾಕಿನ ಮೂಲೆ ಇಣುಕಿತು.
ಅದನ್ನೂ ಬರೆಯಲಿಲ್ಲ.

ಬೀಗ ಹಾಕಿ ಹೊರಬಂದರೆ ಹಿಮದಲ್ಲಿ ಮರ್ಲ್
ಬಾಗಿಲಿಂದ ಹೆಜ್ಜೆ ಎಣಿಸುತ್ತಿದ್ದ,
ನಿವೇಶನ ಅಳೆಯುವವನ ಹಾಗೆ.
ಬಾರಿನವ ಲೈಟರ್ ಚಾಚಿ, ‘ಇದು ಇಪ್ಪತ್ಮೂರೇ,’ ಅಂದ.
ಇಬ್ಬರೂ ಎರಡಡಿ ಸರಿದರು.
ಕಾಯ್ದೆ ಜಾರಿಗೆ ಬರಲು ಇನ್ನೂ ಹದಿನೈದು ದಿನವಿತ್ತು.

ಫೆಬ್ರವರಿಯ ಹೊತ್ತಿಗೆ ತಂಗುದಾಣದ ಸುತ್ತ
ತುಳಿದು ತುಳಿದು ಕಪ್ಪಾದ ಹಿಮದ ಬಳೆ,
ಕಾಯ್ದೆ ಓದದವರಿಗೂ ಕಾಣುವ ಹಾಗೆ.
ಬಳೆಯ ಮೇಲೆ ಆರ್ವೋನ ಕಂಬ.
ಬಳೆಯೊಳಗೆ ಬೆಂಚಿನಲ್ಲಿ ಆರ್ವೋ,
ಸಿಲಿಂಡರನ್ನು ಮೊಣಕಾಲ ನಡುವೆ ಹಿಡಿದು
ಆಚೆಯವರ ಜೊತೆ ಮಾತು:
ಮೀನು, ಮೊಮ್ಮಗಳು, ಪಿಂಚಣಿ.
ಇಪ್ಪತ್ತೈದು ಅಡಿ ಅಂದರೆ
ಸ್ವಲ್ಪ ಗಟ್ಟಿಯಾಗಿ ಕೂಗಿದರೆ ಕೇಳುವಷ್ಟು.
ಕೂಗುವ ಉಸಿರು ಮಾತ್ರ ಅವನಲ್ಲಿಲ್ಲ;
ಅವರು ಕೂಗುತ್ತಾರೆ, ಇವನು ಕೈಯಾಡಿಸುತ್ತಾನೆ.

ಜಾಡಿ?
ಸಭೆಗೆ ಸಲ್ಲಿಸಿದ್ದನ್ನು ಏಳು ವರ್ಷ ಕಾಪಾಡಬೇಕು,
ನಮ್ಮ ಕಚೇರಿಯ ನಿಯಮ.
ನನ್ನ ಬೀರುವಿನಲ್ಲಿದೆ, ನಿವೇಶನದ ಕಡತಗಳ ಪಕ್ಕ.
ಮುಚ್ಚಳ ಎಷ್ಟು ಬಿಗಿದರೂ ಸಾಲದು.
ನಮ್ಮ ಮಾತಿನಲ್ಲಿ ಆ ಎಲೆ ಹೊಗೆಸೊಪ್ಪು;
ಸುಡುವ ಮೊದಲೇ ಹೆಸರಲ್ಲಿ ಹೊಗೆ ಹೊತ್ತದ್ದು
ಸುಟ್ಟ ಮೇಲೆ ಬಿಟ್ಟೀತೇ.
ಮನೆ ಕೊಳ್ಳಲು ಬಂದವರು ನಕ್ಷೆ ಬಿಡಿಸಿ
ಮೂಗರಳಿಸಿ ಕೇಳುತ್ತಾರೆ:
‘ಇಲ್ಲಿ ಯಾರಾದರೂ ಸೇದ್ತಾರಾ?’
ಇಲ್ಲ ಅನ್ನುತ್ತೇನೆ, ಗೋಡೆಯ ಫಲಕ ತೋರಿಸಿ.

ಆ ಹುಡುಗನ ಜೇಬಿನದನ್ನು ಅವನಮ್ಮ ಆಮೇಲೆ ತಂದುಕೊಟ್ಟಳು.
ಎಣಿಕೆ ತಿದ್ದಿ ಸಹಿ ಹಾಕಿದ್ದೇನೆ.