ಕಿವಿಯ ಲೆಕ್ಕ

ಬಾಗಿಲ ಹಲಗೆಯ ಮೇಲೆ ನಾನು ತೊಯೊಹಾರಾ.
ಮನೆಯೊಳಗೆ ಪ್ಯೋ. ಅವ್ವ ಕರೆದದ್ದು ಇನ್-ಸು.
ಮೂರು ಹೆಸರಿಗೂ ಓಗೊಡುವ ಒಬ್ಬನೇ ಕುರುಡ,
ಚಿಬಾ ಸ್ಟೇಷನ್ನಿನ ಹಿಂದೆ, ಮೀನಂಗಡಿಯ ಮೇಲಿನ ಮಾಳಿಗೆಯಲ್ಲಿ
ಮೂವತ್ತು ವರ್ಷದಿಂದ ಮಾಲೀಸು.

ಪಿಂಗ್‌ಪಾಂಗ್ ನನಗೆ ಮೊದಲು ಸಿಕ್ಕಿದ್ದು ಕಿವಿಗೆ.
ಒಸಾಕಾದ ರಬ್ಬರ್ ಚಪ್ಪಲಿ ಕಾರ್ಖಾನೆಯ ಹಿತ್ತಿಲು,
ಚೂರುಪಾರು ತುಂಬಿದ ಮೂಟೆಯ ಮೇಲೆ ಕೂತು ಕೇಳುತ್ತಿದ್ದೆ:
ಟಕ್ಕು ಅಂದರೆ ಬ್ಯಾಟು, ಟಿಕ್ಕು ಅಂದರೆ ಮೇಜು,
ನಡುವೆ ಉಸಿರು ಸಿಕ್ಕಿಕೊಂಡರೆ ನೆಟ್ಟು.
ಅಂಕ ಕೂಗುವ ಕೆಲಸ ನನ್ನದೇ.
ಕಣ್ಣಿದ್ದವರು ಜಗಳಾಡುತ್ತಾರೆ, ಕುರುಡನಿಗೆ ಪಕ್ಷವಿಲ್ಲ
ಅಂತ ಅವರ ನಂಬಿಕೆ.
ಇತ್ತು. ಅಂಟು ಹಚ್ಚುವ ಮಾಲ್-ಸುನ್ ಆಡುವಾಗ
ಅಂಚಿಗೆ ತಾಗದ ಚೆಂಡೂ
ನನಗೆ ತಾಗಿದಂತೆಯೇ ಕೇಳುತ್ತಿತ್ತು.

ಐವತ್ತೆರಡರಲ್ಲಿ ಸ್ಪಂಜು ಬಂತು.
ದೂರದ ಬೊಂಬಾಯಿಯಲ್ಲಿ ಗೆದ್ದಿತಂತೆ ಜಪಾನು, ಬೀದಿಯೆಲ್ಲ ಅದೇ ಮಾತು.
ವಾರದೊಳಗೆ ನಮ್ಮ ಹುಡುಗರು
ಚಪ್ಪಲಿಯ ಸ್ಪಂಜನ್ನೇ ಕೊಯ್ದು ಹಲಗೆಗೆ ಅಂಟಿಸಿದರು.
ಟಕ್ಕು ಹೋಯಿತು.
ಬೆಕ್ಕು ನಡೆದ ಹಾಗೆ ಚೆಂಡು, ಇಲ್ಲಿತ್ತು, ಅಲ್ಲಿ ಬಂದಾಗಿತ್ತು.
ಆಡುವವರೇ ತಬ್ಬಿಬ್ಬು. ಅವರೂ ಅರ್ಧ ಆಡುತ್ತಿದ್ದದ್ದು ಕಿವಿಯಿಂದ
ಅಂತ ಆವತ್ತು ಗೊತ್ತಾಯಿತು.
ನನ್ನ ಕೆಲಸ ಹೋಯಿತು. ಬೆರಳ ಕೆಲಸ ಕಲಿತೆ.

ಆಮೇಲಿನದೆಲ್ಲ ರೇಡಿಯೋ.
ತೋಕಿಯೋ, ಪೀಕಿಂಗು, ನಗೋಯಾ,
ಊರಿಂದೂರಿಗೆ ಮೇಜು ಹಾಕುತ್ತ ಹೋದರು. ಗೆದ್ದವರ ಹೆಸರು ಮರೆತಿದ್ದೇನೆ.
ಎಪ್ಪತ್ತೊಂದರಲ್ಲಿ, ಎಷ್ಟೋ ವರ್ಷ ಮುಖ ತೋರಿಸದ ಚೀನೀಯರು
ಮರಳಿ ಬಂದರೆಂದು ರೇಡಿಯೋ ಹೇಳಿದಾಗ
ಮಾಲ್-ಸುನ್ ತಿಕ್ಕುವ ಪಾತ್ರೆ ಕೆಳಗಿಟ್ಟಳು.
"ನಮ್ಮವರು?"
"ಯಾವ ನಮ್ಮವರು?" ಅಂದೆ.
ಪಾತ್ರೆ ಮತ್ತೆ ಸದ್ದು ಮಾಡಿತು.

ನನ್ನ ಕಾಗದಪತ್ರ ದಕ್ಷಿಣದವರ ಸಂಘದಲ್ಲಿ,
ಅವಳ ಅಣ್ಣ ಉತ್ತರದವರ ಸಂಘಕ್ಕೆ ಖಜಾಂಚಿ.
ಹದಿನೇಳು ವರ್ಷ ಒಂದೇ ಬೀದಿ, ಒಂದೇ ಸ್ನಾನದ ಮನೆ.
ಬಿಸಿನೀರ ತೊಟ್ಟಿಯಲ್ಲಿ ಅವನ ಕೆಮ್ಮು ಕೇಳಿದರೆ
ಮೈ ನೆನೆಯುವ ಮೊದಲೇ ಎದ್ದು ಬರುತ್ತಿದ್ದೆ.

ತೊಂಬತ್ತೊಂದು. ಎರಡೂ ಕಡೆಯವರದು ಒಂದೇ ತಂಡ, ಅದೂ ನಮ್ಮೂರಿಗೆ.
ಆಡುವವರಿಗೆ ಅವರದೇ ವೈದ್ಯರು.
ನನ್ನಲ್ಲಿಗೆ ಬಂದದ್ದು ಅಭ್ಯಾಸಕ್ಕೆ ಚೆಂಡು ಹೊಡೆದುಕೊಡುವ ಇಬ್ಬರು,
ಪತ್ರಿಕೆಯಲ್ಲಿ ಹೆಸರು ಬಾರದವರು: ಹ್ವಾಂಗ್ಬೋ ಯೊನ್, ತಾಕ್ ಸೊಲ್-ಮೆ.
ಒಬ್ಬಳಿಗೆ ಅದು ಸರ್ವಿಸು,
ಇನ್ನೊಬ್ಬಳಿಗೆ 'ಬಾರಿಸಿ ಒಳಗೆ ಹಾಕುವುದು'.
ಬೋರಲು ಮಲಗಿ ಒಬ್ಬರ ಪದ ಇನ್ನೊಬ್ಬರು ಹೇಳಿ ನಗುತ್ತಿದ್ದರು,
ಬಾಗಿಲಾಚೆ ಬೂಟು ಸರಿದರೆ ಥಟ್ಟನೆ ಸುಮ್ಮನೆ.
ಬಲ ರೆಕ್ಕೆಮೂಳೆಯ ಅಂಚಿನಲ್ಲಿ ಇಬ್ಬರಿಗೂ ಒಂದೇ ಗಂಟು,
ಸೋಯಾಕಾಳಿನಷ್ಟು.
ಬೆರಳಿಗೆ ಭೇದ ತಿಳಿಯಲಿಲ್ಲ ಅಂದರೆ ನೀವು ಮೆಚ್ಚುತ್ತೀರಿ.
ತಿಳಿಯಿತು. ಒಬ್ಬಳು ಹೊಟ್ಟೆತುಂಬ ಉಂಡು ಬೆಳೆದವಳು.

ಫೈನಲ್ಲಿನ ದಿನ ಕಿವಿಗೆ ಏನೂ ಸಿಗಲಿಲ್ಲ.
ಚೆಂಡಿಲ್ಲ, ಮೇಜಿಲ್ಲ, ಛಾವಣಿಯೇ ಕೂಗುತ್ತಿತ್ತು.
ಪಕ್ಕದವನು ಯಾರೋ ನನ್ನ ಕಿವಿಗೇ ಬಾಯಿಟ್ಟು
ಅಂಕ ಹೇಳತೊಡಗಿದ: ಹದಿನೆಂಟು ಹತ್ತೊಂಬತ್ತು,
ಹತ್ತೊಂಬತ್ತು ಸಮ, ಇಪ್ಪತ್ತು.
ಕೊನೆಯದಕ್ಕೆ ದನಿ ಬರಲಿಲ್ಲ. ಕೆಮ್ಮು ಬಂತು.
ಆ ಕೆಮ್ಮು.
ನಾನು ಎದ್ದು ಬರಲಿಲ್ಲ.

ಹುಡುಗಿಯರು ಬೇರೆ ಬೇರೆ ವಿಮಾನ ಹತ್ತಿದರು.
ವಿಳಾಸ ಬರೆದುಕೊಳ್ಳುವ ಹಾಗಿರಲಿಲ್ಲ.
ಹಾಸಿಗೆಯ ಸಂದಿಯಲ್ಲಿ ಮಾಲ್-ಸುನ್‌ಗೆ ಒಂದು ಚೆಂಡು ಸಿಕ್ಕಿತು,
ಕರ್ಪೂರದ ವಾಸನೆ, ಒಂದು ಕಡೆ ಹೆಬ್ಬೆರಳ ಗುಳಿ,
ಯಾರದೋ.
ಬಿಸಿನೀರಿಗೆ ಹಾಕಿದರೆ ಗುಳಿ ಏಳುತ್ತದೆ ಅಂದಳು.
ಕೆಟಲು ಕುದಿದು ಕೂಗಿತು.
ಅದರಲ್ಲಿ ಚಹಾ ಮಾಡಿಕೊಂಡೆವು.